ಬ್ರೇಕ್ ತುಳಿಯದೆ ಪಾಸಾದವಳನ್ನು ನಪಾಸು ಮಾಡಿ

ಚಾಲನಾ ಪರೀಕ್ಷೆ ನಡೆಸಿ ಲೈಸೆನ್ಸ್ ದಯಪಾಲಿಸುವ ಸಾರಿಗೆ ಅಧಿಕಾರಿಗಳಿಗೆ,

ಮಾನ್ಯರೇ,

ತಾವು ನನ್ನನ್ನು ಪಾಸು ಮಾಡಿದ್ದೀರಿ. ಅದೇ ನನ್ನ ದೂರು. ಲೈಸೆನ್ಸ್ ಸಿಗಲಿಲ್ಲವೆಂದು ತಮಗೆ ಪತ್ರ ಬರೆಯುವವರು ಬಹಳ ಮಂದಿ ಇರಬಹುದು. ಸಿಕ್ಕಿತೆಂದು ಬರೆಯುತ್ತಿರುವವಳು ನಾನೊಬ್ಬಳೇ ಇರಬೇಕು. ಕಾರ್ಡಿನ ಮೇಲಿನ ನನ್ನ ಫೋಟೋ ಚೆನ್ನಾಗಿ ಬಂದಿದೆ. ಏನೋ ಬಲ್ಲವಳ ಹಾಗೆ ಕಾಣುತ್ತೇನೆ. ಆದರೆ ಆ ಕಾರ್ಡು ಅಂಚೆಯಲ್ಲಿ ಮನೆಗೆ ಬರುವವರೆಗೆ ನನ್ನ ಕಾಲು ಒಂದು ಸಲವೂ ಬ್ರೇಕ್ ತುಳಿದಿರಲಿಲ್ಲ. ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ನಪಾಸಾದಾಗ ನಾನು ಅತ್ತು, ಮಾಸ್ತರರನ್ನು ಶಪಿಸಿ, ಮತ್ತೆ ಓದಿ ಪಾಸಾಗಿದ್ದೆ. ನಪಾಸು ಮಾಡುವವರ ಬೆಲೆ ನನಗೆ ಈಗ ತಿಳಿಯುತ್ತಿದೆ.

ನಲವತ್ತಾರರ ವಯಸ್ಸಿನಲ್ಲಿ ಇವಳಿಗೆ ಕಾರು ಯಾಕೆ ಎಂದು ತಾವು ಕೇಳಬಹುದು. ಊರಿನವರು ಕೇಳಿಯಾಗಿದೆ. ನಮ್ಮ ಮನೆಯವರು ಅಯ್ಯಪ್ಪ ಮಾಸ್ತರರು ದೇವದುರ್ಗದ ಕಡೆ ಮಸರಕಲ್ಲಿನಲ್ಲಿ ಶಾಲೆ ನಡೆಸುತ್ತಿದ್ದರು. ಹಿರೇಕೊಟ್ನೆಕಲ್ಲಿನ ನಮ್ಮ ಮನೆಯಿಂದ ಹೋಗಿ ಬರಲೆಂದು ಹಳೆಯದೊಂದು ಬಿಳಿ ಕಾರು ಕೊಂಡಿದ್ದರು. ಹೋದ ವರ್ಷ ಭತ್ತದ ಕಟಾವಿನ ಕಾಲದಲ್ಲಿ, ಒಂದು ಮಧ್ಯಾಹ್ನ ಅವರಿಗೆ ಎದೆ ಹಿಡಿದುಕೊಂಡಿತು. ಕಾರು ಅಂಗಳದಲ್ಲೇ ಇತ್ತು. ಕೀಲಿಕೈ ನನ್ನ ಕೈಯಲ್ಲೇ ಇತ್ತು. ಓಡಿಸಬಲ್ಲವರು ಮಾತ್ರ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಗಾಡಿ ಬಲ್ಲ ಗಂಡಸರೆಲ್ಲ ಹೊಲದಲ್ಲಿದ್ದರು. ಕರೆತರಲು ಜನ ಓಡಿದರು. ಕಾಯುತ್ತಿರುವಾಗ ಅವರೇ ನನ್ನನ್ನು ಸಮಾಧಾನಪಡಿಸಿದರು: "ಅಳಬ್ಯಾಡ. ಬ್ಯಾಸಗಿ ಸೂಟಿಗಿ ನಿನಗ ಗಾಡಿ ಕಲಸ್ತೀನಿ." ಕೊನೆಗೆ ಒಬ್ಬರು ಬಂದು ಓಡಿಸಿದರು. ನಾವು ಮಾನ್ವಿ ಆಸ್ಪತ್ರೆ ಮುಟ್ಟಿದೆವು, ಅವರು ಮುಟ್ಟಲಿಲ್ಲ.

ಬೇಸಿಗೆ ಬಂತು. ಕಲಿಸುವವರಿಲ್ಲದ್ದರಿಂದ ರಾಯಚೂರಿನಲ್ಲಿ ನನ್ನ ತಮ್ಮ ವಿನೋದನ ಮನೆಯಲ್ಲಿದ್ದುಕೊಂಡು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಹೊಸದಾಗಿ ಕಲಿಯುವವರು ಏನೇನು ನಿರೀಕ್ಷಿಸಬೇಕು ಎಂದು ತಮ್ಮ ಕಚೇರಿಯ ಗೋಡೆಯ ಮೇಲೆ ಬರೆಸಿದ್ದರೆ ಉಪಕಾರವಾಗುತ್ತಿತ್ತು. ಅಲ್ಲಿ 'ಉಗುಳಬೇಡಿ' ಎಂಬುದು ಮಾತ್ರ ಇದ್ದುದರಿಂದ, ನಾನು ಕಂಡದ್ದನ್ನು ಇಲ್ಲಿ ಬರೆಯುತ್ತೇನೆ. ಬೇಕಾದರೆ ಬಣ್ಣದಲ್ಲಿ ಬರೆಸಿಕೊಳ್ಳಿ.

ಮೊದಲನೆಯದಾಗಿ, ಕಲಿಯಲು ಬಂದವರು ಪಾಠದ ಅರ್ಧ ಹೊತ್ತು ಹಿಂದಿನ ಸೀಟಿನಲ್ಲಿ ಕುಳಿತು ಬೇರೆಯವರ ಜಡೆ ನೋಡಬೇಕಾಗುತ್ತದೆ. ಉಳಿದರ್ಧದಲ್ಲಿ ಗುರುಗಳ ಮನೆಗೆಲಸವಿರುತ್ತದೆ. ನಮ್ಮ ಗುರುಗಳು ಶರಣಯ್ಯ ಸರ್. ಒಳ್ಳೆಯವರು, ಬೈಯುವವರಲ್ಲ. ಅವರ ಮನೆಯ ಗ್ಯಾಸ್ ಸಿಲಿಂಡರನ್ನು ನಾನೇ ಗಾಡಿ ಓಡಿಸಿಕೊಂಡು ಹೋಗಿ ತಂದಿದ್ದೇನೆ. ರಿವರ್ಸ್ ಕಲಿತದ್ದು ಅವರ ಅತ್ತೆಯವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ. ದಾರಿಯಲ್ಲಿ ಎಲ್ ಬೋರ್ಡ್ ಕಂಡವರೆಲ್ಲ ಮಾವನ ಮನೆಗೆ ಬಂದ ಅಳಿಯನಂತೆ ಹಾರನ್ ಬಾರಿಸುತ್ತಾರೆ ಎಂಬುದನ್ನೂ ಬರೆಸಿ. ತೀನ್ ಕಂದೀಲ್ ವೃತ್ತದ ಹತ್ತಿರ ಒಬ್ಬ ಆಟೋದವನು ತಲೆ ಹೊರಗೆ ಹಾಕಿ ಕೇಳಿದ: "ಯವ್ವಾ, ರೊಟ್ಟಿ ಹಂಚಿನ ಮ್ಯಾಗ ಬಿಟ್ಟು ಬಂದೀಯೇನು?"

ಎರಡನೆಯದು ಕಾಲಿನ ವಿಚಾರ. ತರಬೇತಿ ಗಾಡಿಯಲ್ಲಿ ಗುರುಗಳ ಕಡೆಗೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಅದು ತಪ್ಪಲ್ಲ. ಕಲಿಯುವವರು ತಪ್ಪಿದಾಗ ಕಾಪಾಡಲಿ ಎಂದು ಇಟ್ಟದ್ದು. ಆದರೆ ತಪ್ಪುವುದಕ್ಕಾದರೂ ನಮಗೆ ಅವಕಾಶ ಸಿಗಬೇಕಲ್ಲವೇ? ಕ್ಲಚ್ಚಿನಲ್ಲಿ ನನ್ನ ಕಾಲು, ಶರಣಯ್ಯ ಸರ್ ಕಾಲು ಪಾಲುದಾರರು. ಬ್ರೇಕು ಮಾತ್ರ ಪೂರ್ತಿ ಅವರ ಜಹಗೀರು. ನಾನು ಕೇಳಿಯೂ ನೋಡಿದೆ.

"ಸರ್, ನಾನು ತುಳೀಲೇನ್ರಿ?"

"ನೀವು ಕೈ ಕಲೀರಿ ಅಕ್ಕೋರೆ. ಕಾಲು ತಾನ ಬರ್ತಾವ."

ಗುಂಜಹಳ್ಳಿ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದರೆ ಗಾಡಿ ತಾನೇ ನಿಲ್ಲುತ್ತಿತ್ತು. ಲಾರಿ ಎದುರಾದರೂ ತಾನೇ ನಿಲ್ಲುತ್ತಿತ್ತು. ನಾನು ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಿದ್ದೆ, ಅಷ್ಟೆ. ಬರಬರುತ್ತಾ ನನಗೇ ಹೆಮ್ಮೆಯಾಗತೊಡಗಿತು: ಎಷ್ಟು ನಯವಾಗಿ ನಿಲ್ಲಿಸುತ್ತೇನೆ! ಆ ಹೆಮ್ಮೆಯನ್ನು ಮುರಿದವಳು ನನ್ನ ಜೊತೆ ಕಲಿಯುತ್ತಿದ್ದ ಆತಿಯಾ. ರಾಯಚೂರಿನಲ್ಲಿ ಟೇಲರಿಂಗ್ ಅಂಗಡಿ ಇಟ್ಟವಳು. ಅವಳ ಬಾಯಿ ಅವಳ ಕತ್ತರಿಗಿಂತ ಚೂಪು.

"ಯಕ್ಕಾ, ಛಲೋ ಹೊಡಿಯಾಕತ್ತೀದಿ," ಎಂದಳು ಹಿಂದಿನಿಂದ. "ಒಂದಿನ ಸರ್ ಕಾಲಿಗಿ ಜೋಮು ಹಿಡೀಲಿ, ಆವಾಗ ನೋಡಾಮು."

ಇನ್ನು ಪರೀಕ್ಷೆಯ ದಿನ. ತಾವು ಜೀಪಿನಲ್ಲಿ ಕುಳಿತು ಗಾಜು ಏರಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಿರಿ. ಬಿಸಿಲು ಹಾಗಿತ್ತು, ತಪ್ಪು ಹೇಳಲಾರೆ. ಆತಿಯಾ ನನಗಿಂತ ಮೊದಲು ಹತ್ತಿದಳು. ಹತ್ತಿದವಳೇ ಪಕ್ಕದಲ್ಲಿದ್ದ ಶರಣಯ್ಯ ಸರ್‌ಗೆ ಹೇಳಿದಳು: "ಸರ್, ಇವತ್ತು ಕಾಲು ಮ್ಯಾಲ ಎತ್ಕೊಂಡು ಕುಂದರ್ರಿ. ನಾನ ತುಳೀತೀನಿ." ಅವರು ಪಾಪ, ಊಟಕ್ಕೆ ಕುಳಿತವರಂತೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿದರು. ತಿರುವಿನಲ್ಲಿ ಎಂಜಿನ್ ಒಮ್ಮೆ ಬಂದ್ ಬಿತ್ತು. ಅವಳು ಮತ್ತೆ ಚಾಲು ಮಾಡಿ, ಸುಣ್ಣದ ಗೆರೆಗೆ ಸರಿಯಾಗಿ ತಂದು ನಿಲ್ಲಿಸಿದಳು. ತಿರುವಿನಲ್ಲಿ ಸದ್ದು ನಿಂತದ್ದಕ್ಕೇ ತಾವು ಗಾಜು ಇಳಿಸಿದ್ದಿರಿ. "ಬಂದ್ ಬಿತ್ತಲ್ಲ? ಫೇಲ್. ಮುಂದಿನವರು." ಮುಂದಿನವಳು ನಾನು. ಸರ್ ಕಾಲು ಕೆಳಗಿಳಿಸಿದರು. ಗಾಡಿ ಬೆಣ್ಣೆಯ ಹಾಗೆ ಹೋಗಿ ಬೆಣ್ಣೆಯ ಹಾಗೆ ನಿಂತಿತು. ಎಂಜಿನ್ ಸದ್ದು ನಿಲ್ಲದ್ದರಿಂದ ತಾವು ತಲೆ ಎತ್ತುವ ಅಗತ್ಯ ಬೀಳಲಿಲ್ಲ. ಪಾಸ್. ಹೊರಗೆ ಬಂದಾಗ ಆತಿಯಾ ನನ್ನ ಕೈ ಕುಲುಕಲಿಲ್ಲ, ಶರಣಯ್ಯ ಸರ್ ಕಡೆ ತಿರುಗಿ ಹೇಳಿದಳು: "ಮುಬಾರಕ್ ಸರ್. ಇನ್ನೊಂದು ಲೈಸೆನ್ಸ್ ತಗೊಂಡ್ರಿ."

ತನ್ನ ಕಾಲಿನಿಂದ ನಿಲ್ಲಿಸಿದವಳು ನಪಾಸು. ಬೇರೆಯವರ ಕಾಲಿನಿಂದ ನಿಂತವಳು ಪಾಸು. ಇದು ಯಾವ ನಿಯಮ, ಮಾನ್ಯರೇ? ತಾವು ಪರೀಕ್ಷಿಸುವುದು ಚಾಲಕರನ್ನೋ, ಎಂಜಿನ್ನಿನ ಸದ್ದನ್ನೋ? ಸದ್ದೇ ಸಾಕಾದರೆ ನಾವು ಬಂದು ಹೋಗುವ ತೊಂದರೆ ಯಾಕೆ, ಫೋನಿನಲ್ಲೇ ಕೇಳಿಸಬಹುದಿತ್ತಲ್ಲ?

ಊರಿಗೆ ಬಂದು ಮಾಸ್ತರರ ಕಾರನ್ನು ಹೊರತೆಗೆದೆ. ಅಂಗಳ ದಾಟುವಷ್ಟರಲ್ಲಿ ಎಷ್ಟೋ ಸಲ ಬಂದ್ ಬಿತ್ತು. ಹೇಗೋ ರಸ್ತೆಗೆ ಬಂದೆ. ನಮ್ಮ ಕಡೆ ಕಟಾವಿನ ದಿನಗಳಲ್ಲಿ ಅರ್ಧ ರಸ್ತೆ ಸರ್ಕಾರದ್ದು, ಅರ್ಧ ಭತ್ತದ್ದು ಎಂಬುದು ತಮಗೆ ಗೊತ್ತಿರಬೇಕು. ಡಾಂಬರಿನ ಮೇಲೆ ಭತ್ತ ಹರವಿ, ಗಾಡಿಯವರು ಹಾಯದಿರಲೆಂದು ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಅವತ್ತು ನಮ್ಮವರ ಸೋದರತ್ತೆ ಶೇಖಮ್ಮ ಹಲಗೆ ಹಿಡಿದು ಭತ್ತ ಕೆದರುತ್ತಿದ್ದರು. ದೂರದಿಂದಲೇ ನನಗೆ ಕಂಡರು. ಕಲ್ಲೂ ಕಂಡಿತು. ನಾನು ಗಾಬರಿಯಾಗಲಿಲ್ಲ. ಕಲಿತದ್ದನ್ನೇ ಮಾಡಿದೆ: ಸ್ಟೀರಿಂಗ್ ಗಟ್ಟಿ ಹಿಡಿದು, ಗಾಡಿ ತಾನೇ ನಿಲ್ಲಲಿ ಎಂದು ಕಾಯುತ್ತಾ ಕುಳಿತೆ.

ಅದು ನಿಲ್ಲಲಿಲ್ಲ. ಕಲ್ಲು ಹಾರಿಸಿ, ರಾಶಿಗೆ ಮೂತಿ ತೂರಿಸಿದ ಮೇಲೆ ನಿಂತಿತು. ಶೇಖಮ್ಮ ಅತ್ತೆ ಪಕ್ಕದ ಕಾಲುವೆಗೆ ಜಿಗಿದಿದ್ದರು. ಹಲಗೆ ಎರಡು ತುಂಡಾಗಿ ಚಕ್ರದ ಕೆಳಗೆ ಬಿದ್ದಿತ್ತು. ಅವರು ಕೆಸರಿನಿಂದ ಎದ್ದು, ಸೀರೆ ಹಿಂಡುತ್ತಾ ಕಿಟಕಿಗೆ ಬಂದರು.

"ಯಾಕಬೇ, ನಿನ್ನ ಗಾಡಿಗಿ ಬ್ರೇಕಿಲ್ಲೇನು?"

"ಅದ, ಅತ್ತಿ. ನಾ ತುಳೀಲಿಲ್ಲ."

"ಮತ್ತ ಯಾರು ತುಳೀಬೇಕಿತ್ತು, ನಾನೇನು?"

ಅವರು ಬಗ್ಗಿ ನನ್ನ ಕಾಲು ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ನಿನ್ನ ಕಾಲು ಪೂರ್ತಿ ಮುಟ್ಟೋದ ಇಲ್ಲಲ್ಲಬೇ. ಸೀಟು ಇನ್ನಾ ಅಯ್ಯಪ್ಪ ಕುಂದ್ರೋ ಹಂಗ ಅದ."

ಹೌದು. ನಮ್ಮವರು ಎತ್ತರದವರು; ನಾನು ಅಲ್ಲಿಯವರೆಗೆ ತುದಿಗಾಲಲ್ಲೇ ಓಡಿಸಿಕೊಂಡು ಬಂದಿದ್ದೆ. ಅವರು ಸರಿಸಿಟ್ಟ ಸೀಟನ್ನು ನಾನು ಸರಿಸಿರಲಿಲ್ಲ. ಸರಿಸಲು ಮನಸ್ಸು ಬಂದಿರಲಿಲ್ಲ. ಅದು ನನ್ನ ಸಂಕಟ, ತಮಗೆ ಸಂಬಂಧಿಸಿದ್ದಲ್ಲ. ತಮಗೆ ಸಂಬಂಧಿಸಿದ್ದು ಇಷ್ಟೇ: ಮೊದಲು ಸೀಟು ಸರಿಮಾಡಿಕೊಂಡು ಕಾಲು ಬ್ರೇಕಿಗೆ ಪೂರ್ತಿ ಮುಟ್ಟುತ್ತದೆಯೇ ನೋಡಿಕೋ ಎಂದು ಒಂದು ತಿಂಗಳ ಪಾಠದಲ್ಲಿ ನನಗೆ ಯಾರೂ ಹೇಳಲಿಲ್ಲ. ಯಾಕೆ ಹೇಳಬೇಕು? ಆ ಗಾಡಿಯಲ್ಲಿ ನನ್ನ ಕಾಲಿಗೆ ಕೆಲಸವೇ ಇರಲಿಲ್ಲ. ಪರೀಕ್ಷೆಯಲ್ಲಿ ತಾವೂ ಕೇಳಲಿಲ್ಲ.

ಈಗ ತಾವು ನಪಾಸು ಮಾಡಿದ ಆತಿಯಾಳೇ ಭಾನುವಾರ ಬಸ್ಸು ಹತ್ತಿ ಬಂದು, ಊರ ಹೊರಗಿನ ಬಯಲಿನಲ್ಲಿ ನನಗೆ ಬ್ರೇಕ್ ಹೇಳಿಕೊಡುತ್ತಿದ್ದಾಳೆ. ಲೈಸೆನ್ಸ್ ಇಲ್ಲದವಳು ಲೈಸೆನ್ಸ್ ಇರುವವಳಿಗೆ ಕಲಿಸುತ್ತಿದ್ದಾಳೆ. ಅವಳ ಕಡೆ ಪೆಡಲ್ ಇಲ್ಲ, ಬಾಯಿ ಇದೆ. "ನಿಲ್ಸು" ಎಂದು ಅವಳು ಕೂಗಿದಾಗ ನಾನು ತುಳಿಯುತ್ತೇನೆ. ಗಾಡಿ ಒಮ್ಮೊಮ್ಮೆ ನಿಲ್ಲಬೇಕಾದಲ್ಲಿ ನಿಲ್ಲುತ್ತದೆ. ಒಮ್ಮೊಮ್ಮೆ ತುಳಿದದ್ದು ಸಾಕಾಗುವುದಿಲ್ಲ. ಸೀಟನ್ನು ಮುಂದಕ್ಕೆ ಎಳೆದಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ತಮ್ಮನ್ನು ಕಾಡುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ದುರ್ಗಾ ತುಂಬು ಬಸುರಿ. ಅವಳ ಗಂಡ ಅಕ್ಕಿ ಮಿಲ್ಲಿನ ಕೆಲಸಕ್ಕೆ ಹೋದರೆ ಮನೆಯಲ್ಲಿ ಯಾರೂ ಇರುವುದಿಲ್ಲ. ಮೊನ್ನೆ ನನ್ನ ಕಾರ್ಡನ್ನು ತಿರುವಿ ತಿರುವಿ ನೋಡಿ ಹೇಳಿದಳು: "ಯಕ್ಕಾ, ಗಾಡಿ ಅದ, ನೀ ಅದಿ, ಸರ್ಕಾರದ ಕಾರ್ಡೂ ಅದ. ನನಗ್ಯಾತರ ಚಿಂತಿ?" ಅವಳು ನನ್ನನ್ನು ನಂಬಿದ್ದಾಳೆ ಎಂದುಕೊಳ್ಳಬೇಡಿ. ಅವಳು ನಂಬಿದ್ದು ತಮ್ಮ ಸಹಿಯನ್ನು. ಹೂಂ ಎನ್ನಲು ನನಗೆ ಧೈರ್ಯವಿಲ್ಲ. ಊಹೂಂ ಎನ್ನಲು ಹೋದರೆ ಹೋದ ವರ್ಷದ ಆ ಮಧ್ಯಾಹ್ನ ನೆನಪಾಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಇದು. ನನ್ನ ಲೈಸೆನ್ಸ್ ಹಿಂದಕ್ಕೆ ಪಡೆಯಿರಿ. ಆತಿಯಾಳನ್ನೂ ನನ್ನನ್ನೂ ಮತ್ತೆ ಪರೀಕ್ಷೆಗೆ ಕರೆಯಿರಿ, ದುರ್ಗಾಳಿಗೆ ನೋವು ಶುರುವಾಗುವುದರೊಳಗೆ. ಈ ಸಲ ಶರಣಯ್ಯ ಸರ್ ಹೊರಗೆ ಬೇವಿನ ನೆರಳಲ್ಲಿ ಚಹಾ ಕುಡಿಯಲಿ. ಪೆಡಲ್ ಇಲ್ಲದ ಪಕ್ಕದ ಸೀಟಿನಲ್ಲಿ ತಾವೇ ಕುಳಿತುಕೊಳ್ಳಬೇಕು. ಫೋನು ಕೆಳಗಿಡಬೇಕು. ನಾನು ಗುಂಜಹಳ್ಳಿ ರಸ್ತೆಯವರೆಗೆ ಓಡಿಸಿಕೊಂಡು ಹೋಗಿ ಬರುತ್ತೇನೆ. ಎಮ್ಮೆ ಅಡ್ಡ ಬಂದಾಗ ತಮ್ಮ ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ತುಳಿದರೆ, ಮುಲಾಜಿಲ್ಲದೆ ನನ್ನನ್ನು ನಪಾಸು ಮಾಡಿ. ಕಾಲು ಎತ್ತದೆ ನೆಮ್ಮದಿಯಿಂದ ಕುಳಿತಿದ್ದರೆ ಮಾತ್ರ ಪಾಸು ಮಾಡಿ. ದುರ್ಗಾಳಿಗೆ ಆಗ ಹೂಂ ಎನ್ನುತ್ತೇನೆ.

ಇಂತಿ,
ತಮ್ಮ ದಾಖಲೆಯಲ್ಲಿ ಚಾಲಕಿ, ಶೇಖಮ್ಮನ ಭತ್ತದ ರಾಶಿಯಲ್ಲಿ ಇನ್ನೂ ಕಲಿಯುತ್ತಿರುವವಳು,
ಮೌನೇಶ್ವರಿ ಅಯ್ಯಪ್ಪ
ಹಿರೇಕೊಟ್ನೆಕಲ್, ಮಾನ್ವಿ ತಾಲ್ಲೂಕು