ಎರಡೂ ಕಣ್ಣು ಮುಚ್ಚಿದವನು

ಮರದ ಮಿಲ್ಲಿನ ಯಜಮಾನರೂ ನಮ್ಮ ಚರ್ಚಿನ ಹಿರಿಯರೂ ಆದ ನಿಮಗೆ,

ಗರಗಸದ ಬೆಲ್ಟಿಗೆ ಕವಚ ಹಾಕಿಸುತ್ತೇನೆ ಎಂದಿರಿ, ಹಾಕಿಸಲಿಲ್ಲ. ಮಿಲ್ಲಿನೊಳಗೇ ನೀವು ನಡೆಸುವ ಬೆಳಗಿನ ಪ್ರಾರ್ಥನೆ ಮುಗಿಯುವವರೆಗಾದರೂ ಯಂತ್ರ ನಿಲ್ಲಿಸಿ ಎಂದು ಕೇಳಿದೆವು, ನಿಲ್ಲಿಸಲಿಲ್ಲ. ಸತ್ತ ಮೇಲಿನ ನಿತ್ಯಜೀವವನ್ನು ಮಾತ್ರ ದಿನಾ ಕೈತುಂಬ ಹಂಚಿದಿರಿ. ಅದು ನಿಮ್ಮ ಗೋದಾಮಿನ ಮಾಲಲ್ಲವಲ್ಲ!

ಓಡುವ ಬೆಲ್ಟಿನ ಪಕ್ಕ ನಿಲ್ಲಿಸಿ "ಕಣ್ಣು ಮುಚ್ಚಿ" ಅಂದರೆ ನಾವೆಲ್ಲ ಒಂದು ಕಣ್ಣು ತೆರೆದೇ ಇಟ್ಟಿರುತ್ತಿದ್ದೆವು. ನೀವೂ ಅಷ್ಟೇ, ಕೈಗಡಿಯಾರ ನೋಡುತ್ತಿದ್ದಿರಿ. ನಿಜವಾಗಿ ಎರಡೂ ಮುಚ್ಚುತ್ತಿದ್ದವನು ನನ್ನ ಅಣ್ಣ ಒಬ್ಬನೇ. "ದೇವರ ಹತ್ರ ಮಾತಾಡುವಾಗ ಬೇರೆ ಕಡೆ ನೋಡ್ತಾರೇನೇ, ಮಂಗ?" ಎಂದು ನನ್ನನ್ನೇ ಗದರುತ್ತಿದ್ದ. ಬೆಲ್ಟು ಅವನ ಅಂಗಿಯ ತೋಳು ಹಿಡಿದು ಎಳೆದುಕೊಂಡಾಗಲೂ ಅವನ ಕಣ್ಣು ಮುಚ್ಚಿಯೇ ಇತ್ತು.

ಸಮಾಧಿಯ ಬಳಿ ನನಗೆ ಹೇಳಿದಿರಿ: "ಅಳಬೇಡಮ್ಮ, ನಂಬಿದವನಿಗೆ ಸಾವಿಲ್ಲ." ನಾಚಿಕೆಯಾಗಲಿಲ್ಲವೆ? ನಂಬಿಕೆಯ ಪಾಠ ನಿಮ್ಮಿಂದ ಬೇಡ. ಕಡೆಯ ದಿನ ಅಣ್ಣ ಸಮಾಧಿಯಿಂದ ಎದ್ದು ಬರುತ್ತಾನೆಂದು ನಾನು ನಂಬಿದ್ದೇನೆ. ನಂಬದವರು ನೀವು, ನಂಬಿದ್ದರೆ ಅವನಿಗೆ ಮುಖ ತೋರಿಸಬೇಕಾದ ದಿನವನ್ನು ನೆನೆದು ಇಷ್ಟು ಹೊತ್ತಿಗೆ ಬೆವರುತ್ತಿದ್ದಿರಿ. ಈಗ ಗರಗಸ ನಿಲ್ಲಿಸಿದರೆ ನಮ್ಮನ್ನೆಲ್ಲ ಕೆಲಸದಿಂದ ತೆಗೆಯುತ್ತೇನೆಂದು ಬೆದರಿಸಿದ್ದೀರಂತೆ. ಸಾವಿಗೂ ಹೆದರಬೇಡಿ ಎಂದು ಕಲಿಸಿದವರೇ ನೀವು. ನಿಮಗೆ ಹೆದರುತ್ತೇವೆಯೆ?

ಕವಚ ಬರುವ ತನಕ ಬೆಲ್ಟು ಓಡುವುದಿಲ್ಲ; ಸ್ವಿಚ್ಚು ಹಾಕುವವನೂ ನಮ್ಮ ಜೊತೆಗಿದ್ದಾನೆ. ನಿಂತ ಗರಗಸದ ಮುಂದೆ ನಾವೆಲ್ಲ ಎರಡೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತೇವೆ. ನೀವೂ ಬನ್ನಿ, ಗಡಿಯಾರ ಮನೆಯಲ್ಲಿಟ್ಟು. ಆಮೇಲೆ ಮಾತು.

ಇತಿ,
ನಿಮ್ಮ ಮಿಲ್ಲಿನಲ್ಲಿ ಹಲಗೆ ಜೋಡಿಸುವ, ಅವನ ತಂಗಿ

ಪ್ರಾರ್ಥನೆ ಸೋಮವಾರ, ಬೆಳಗ್ಗೆ ಎಂಟು ಗಂಟೆಗೆ.