ಮಂದಿ ಮನೆಯಲ್ಲಿ ಉಣ್ಣುವ ಗಿಡ

ಅಳವಂಡಿ
೨೨–೯–೨೦೨೪, ಭಾನುವಾರ

ನನ್ನ ಲಲಿತಾಗೆ,

ಹಿತ್ತಲಿನ ಗಂಧದ ಮರವನ್ನು ನಿನ್ನೆ ಕಳ್ಳರು ಬುಡಸಮೇತ ಕೊಯ್ದುಕೊಂಡು ಹೋದರು.

ಕೂತುಕೋ, ಕೂತುಕೋ. ಸುಳ್ಳು. ಮರ ನಿಂತಿದೆ. ಹಾಗೆ ಬರೆಯದಿದ್ದರೆ ನೀನು ಕೂಸಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಮಲಗಿಸಿ, ಆಮೇಲೆ ಈ ಕಾಗದ ಬಿಡಿಸುತ್ತಿದ್ದೆ. ಈಗ ಕೇಳುತ್ತೇನೆ: ಬಾಣಂತಿ ಭವಾನಿ ಹೇಗಿದ್ದಾಳೆ? ಶ್ರೀರಾಮನಗರದ ಗದ್ದೆ ಸೊಳ್ಳೆಗಳು ಮೊಮ್ಮಗಳನ್ನು ಮಲಗಲು ಬಿಡುತ್ತವೆಯೋ ಇಲ್ಲವೋ? ನಿನ್ನ ಮೊಣಕಾಲು? ನಾನಂತೂ ಗಟ್ಟಿಯಾಗಿದ್ದೇನೆ, ನಾನೇ ಬಡಿದ ರೊಟ್ಟಿಯಷ್ಟು. ಫೋನು ಮಾಡಬಹುದಿತ್ತು. ಆದರೆ ನಿನ್ನ ತಮ್ಮನನ್ನು ಬೈಯುವಾಗ ನೀನು ನಡುವೆ ಬಾಯಿ ಹಾಕುತ್ತೀ. ಕಾಗದದಲ್ಲಿ ನಿನಗೆ ಆ ಸೌಕರ್ಯವಿಲ್ಲ.

ನಿನ್ನ ತಮ್ಮ ಗೌರೀಶ ಊರಲ್ಲಿ ಗೊಬ್ಬರದ ಅಂಗಡಿ ಇಟ್ಟ ಮೇಲೆ, ಬೆಳೆಗಳೆಲ್ಲ ತನ್ನನ್ನು ಕೇಳಿಯೇ ಬೆಳೆಯುತ್ತವೆ ಎಂದುಕೊಂಡಿದ್ದಾನೆ. ಗಂಧದ ಗಂಧಗಾಳಿಯೂ ಇಲ್ಲ ಆ ಮಹಾನುಭಾವನಿಗೆ. ಎರಡು ವಾರದ ಹಿಂದೆ ನಾನು ಕೊಪ್ಪಳಕ್ಕೆ ಹೋದ ಹೊತ್ತು ನೋಡಿ ಹಿತ್ತಲಿಗೆ ನುಗ್ಗಿ, ಮರದ ಸುತ್ತ ಇದ್ದ ತೊಗರಿ, ಬಳ್ಳಿ, ಹುಲ್ಲು, ಕೊನೆಗೆ ನಿಮ್ಮವ್ವ ಕೊಟ್ಟ ಕರಿಬೇವನ್ನೂ ಬೇರುಸಹಿತ ಅಗೆದು ಎಸೆದಿದ್ದಾನೆ. ತನ್ನ ಹೆತ್ತವ್ವನ ಗಿಡ! ಗೌರೀಶನಲ್ಲ ಅವನು, ಗುದ್ದಲೀಶ. ನಾನು ಬಂದಾಗ ಬೆವರು ಒರೆಸಿಕೊಳ್ಳುತ್ತ, "ಮಾಮಾ, ಗಂಧದ ಗಿಡಕ್ಕ ಹಾವು ಬರತಾವ. ಅಡಗಾಕ ಒಂದು ಕಡ್ಡಿ ಬಿಟ್ಟಿಲ್ಲ ನೋಡ್ರಿ. ಇನ್ನ ನೀರು, ಗೊಬ್ಬರ ಎಲ್ಲಾ ಇದಕ್ಕೊಂದಕ್ಕ ಸಿಗತೈತಿ" ಎಂದ.

ಗಂಧಕ್ಕೆ ಹಾವಂತೆ! ಅದರ ಎಲೆ ಮೂಸು, ತೊಗಟೆ ಮೂಸು, ಹೂ ಮೂಸು, ಏನೂ ಇಲ್ಲ. ಘಮವೆಲ್ಲ ಒಳಗಿನ ಕೆಚ್ಚಿನಲ್ಲಿ, ಅದೂ ವರ್ಷಗಟ್ಟಲೆ ಕಾದ ಮೇಲೆ. ಗರಗಸ ಹಿಡಿದವನಿಗೆ ಸಿಗುವ ವಾಸನೆ ಹಾವಿನ ಮೂಗಿಗೆ ಎಲ್ಲಿಂದ ಬಡಿಯಬೇಕು? ಗಂಧಕ್ಕೆ ಸುತ್ತಿಕೊಂಡ ಹಾವುಗಳೆಲ್ಲ ಎರಡು ಕಾಲಿನವು. ಅದಕ್ಕೇ ಕಾಡಿನಲ್ಲಿ ತೋಳುಗಾತ್ರದ ಗಂಧವೂ ಉಳಿಯುತ್ತಿಲ್ಲ.

ಭವಾನಿ ಸಾಲೆಗೆ ಹೋಗುತ್ತಿದ್ದಾಗಿನ ಮಾತು ನೆನಪಿದೆಯಾ? ಯಾವುದೋ ಕೋಗಿಲೆ ಗಂಧದ ಕಪ್ಪು ಹಣ್ಣು ನುಂಗಿ, ನಿನ್ನ ಕರಿಬೇವಿನ ಮೇಲೆ ಕೂತು, ಬೀಜ ಉದುರಿಸಿ ಹೋಗಿತ್ತು. ಸಸಿ ಎದ್ದಾಗ ನಾನು ಸುತ್ತ ಸ್ವಚ್ಛ ಮಾಡಲು ಹೊರಟರೆ ನೀನು ಕೈ ಹಿಡಿದೆ. "ಅದರ ಮಗ್ಗಲದಾಗಿನದು ಒಂದೂ ಕೀಳಬ್ಯಾಡ್ರಿ. ಅದು ಮಂದಿ ಮನ್ಯಾಗ ಉಣ್ಣೂ ಗಿಡ" ಎಂದೆ. ನಿಜ. ಮಣ್ಣಿನೊಳಗೆ ಅದರ ಬೇರು ಪಕ್ಕದ ಗಿಡದ ಬೇರಿಗೆ ಬಾಯಿ ಹಚ್ಚಿ ನೀರು, ಸಾರ ಹೀರುತ್ತದೆ. ಮೇಲೆ ನೋಡಿದರೆ ದೊಡ್ಡ ಸಾಹುಕಾರ, ಕೆಳಗೆ ನೆರೆಯವರ ಊಟ. ನಿನ್ನ ತಮ್ಮನೂ ನಮ್ಮ ಮನೆಯಲ್ಲಿ ಹಾಗೆಯೇ ಬೆಳೆದವನಲ್ಲವೇ? ಸ್ವಂತ ನಂಟನನ್ನೇ ಗುರುತಿಸಲಿಲ್ಲ.

ಈಗ ಎಲೆ ಹಳದಿಯಾಗಿವೆ, ತುದಿ ಒಣಗುತ್ತಿವೆ. ಹೂ ಕೆಂಪಿಗೆ ತಿರುಗುವ ಮೊದಲೇ ಉದುರುತ್ತಿವೆ. ಕೊಡಗಟ್ಟಲೆ ನೀರು ಹಾಕಿದರೂ ಕುಡಿಸುವವರು ಬೇಕಲ್ಲ! ವ್ಯಾಪಾರಿಗಳು ಬಂದರೆ ನೀನು ಪೊರಕೆ ತೋರಿಸಿ ಕಾಯ್ದ ಮರ ಇದು. ಗರಗಸ ಮುಟ್ಟಿಸದೆ ಗಂಧ ಕೊಲ್ಲಹೊರಟ ಮೊದಲ ಕಳ್ಳ ನಿನ್ನ ತಮ್ಮನೇ. ಸುತ್ತ ತೊಗರಿ ಬಿತ್ತಿದ್ದೇನೆ, ಮೊಳಕೆ ಬಂದಿದೆ. ಅವು ಬೇರು ಬಿಡುವ ತನಕ ಮರ ತಾಳಬೇಕು.

ಭವಾನಿಗೂ ಕೂಸಿಗೂ ಆಶೀರ್ವಾದ. ಕೂಸಿಗೆ ನನ್ನ ಮೂಗು ಬಂದಿದ್ದರೆ ನನ್ನ ಪರವಾಗಿ ಕ್ಷಮೆ ಕೇಳು.

ನಿನ್ನ,
ಸದ್ಯಕ್ಕೆ ಅಡುಗೆಪತಿ,
ಪಂಪಾಪತಿ

ತಾ.ಕ.: ಗಂಗಾವತಿಗೆ ಅಕ್ಕಿ ತರಲು ಹೊರಟ ಕಾಸೀಮಸಾಬ ಈ ಕಾಗದಕ್ಕಾಗಿ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಭವಾನಿಯ ಹಿತ್ತಲಿನ ಕರಿಬೇವು ನಿಮ್ಮವ್ವನ ಗಿಡದ ಮರಿಯೇ ಅಲ್ಲವೇ, ಅದರ ಬುಡದಲ್ಲಿ ಎದ್ದ ಒಂದು ಸಸಿಯನ್ನು ಮಣ್ಣುಸಮೇತ ಅವನ ಕೈಯಲ್ಲಿ ಕಳಿಸು. ಇನ್ನೊಂದು. ಗೌರೀಶ ಸುಮ್ಮನೆ ಹೆದರಿದವನಲ್ಲ. ಹಿಂದಿನ ದಿನ ಗಂಧದ ಟೊಂಗೆಯಲ್ಲಿ ಹಾವಿನ ಪೊರೆ ನೋಡಿದ್ದ. ಮೇವಿನ ಬಣವೆಯಲ್ಲಿ ಸಿಕ್ಕ ಪೊರೆ ಅದು, ಟೊಂಗೆಗೆ ಸುತ್ತಿದವನು ನಾನು. ಅವನು ಚಪ್ಪಲಿ ಬಿಟ್ಟು ಓಡಿದ್ದನ್ನು ಅಡುಗೆಮನೆ ಕಿಟಕಿಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ದಿನಾ ಸಂಜೆ ಅಂಗಡಿ ಮುಚ್ಚಿ ಬಂದು, ತೊಗರಿ ಮೊಳಕೆಗೆ ನೀರು ಚಿಮುಕಿಸಿ, "ಅಕ್ಕಗ ಹೆಂಗ ಮಾರಿ ತೋರಸ್ಲಿ, ಮಾಮಾ" ಎನ್ನುತ್ತಾನೆ. ನಾನು ಬೈಯುತ್ತಲೇ ಇದ್ದೇನೆ. ನಿಲ್ಲಿಸಿದರೆ ನಿಜ ಹೇಳಬೇಕಾಗುತ್ತದೆ.