ಜೂನ್ ತಿಂಗಳ ಮೀನು

ಹ್ಯಾಮ್‌ಟ್ರಾಮ್ಕ್, ಮಿಷಿಗನ್
೨೦ ಸೆಪ್ಟೆಂಬರ್ ೧೯೯೮

ಮಾನ್ಯ ಅಧ್ಯಕ್ಷರೇ, ನಿವೃತ್ತ ಕಾರ್ಮಿಕ ಬಾಂಧವರೇ, ಹಾಗೂ ಬಿಟ್ಟಿ ಕಾಫಿಯ ವಾಸನೆ ಹಿಡಿದು ಬಂದಿರುವ ಸಮಸ್ತ ಮಹನೀಯರೇ,

ಹೆದರಬೇಡ ಹಲೀನಾ, ಕಾಗದ ನಿನಗೇ. ಯೂನಿಯನ್ ಸಭಾಂಗಣದಲ್ಲಿ ಹಳೇ ಕಾರಿನ ಬಗ್ಗೆ ಭಾಷಣ ಮಾಡೀ ಮಾಡೀ ಕೈಗೂ ಅದೇ ಚಾಳಿ ಬಿದ್ದಿದೆ. ನಿನ್ನ ಪತ್ರ ಜುಲೈನಲ್ಲೇ ಬಂದಿತ್ತು. ಮೊಣಕಾಲು ನೋವು, ಮಗಳು ಮನೆ ಬದಲಾಯಿಸಿದ್ದು, ಹೀಗೆ ನೆಪಗಳಿಗೇನೂ ಬರವಿಲ್ಲ. ಕ್ಷಮಿಸು. ನಿಮ್ಮಮ್ಮ ಈ ವಯಸ್ಸಿನಲ್ಲೂ ಪಿಯೆರೋಗಿ ಕಡುಬಿನ ಹಿಟ್ಟನ್ನು ತಾವೇ ನಾದಿ, ನಿನ್ನ ಕೈ ಸರಿಯಿಲ್ಲ ಎಂದು ಬೈಯುತ್ತಾರೆಂದು ಓದಿ ಸಂತೋಷವಾಯಿತು. ಬೈಯುವಷ್ಟು ಶಕ್ತಿ ಇದೆಯಲ್ಲ.

ನೀನು ಕೇಳಿದ್ದಕ್ಕೆ ಬರುವ ಮುಂಚೆ ನನ್ನ ಭಾಷಣ ಸ್ವಲ್ಪ ಕೇಳಿಬಿಡು. ಚಾಲೆಂಜರ್ ಕಾರು ನಮ್ಮೂರಲ್ಲಿ ಹುಟ್ಟಿದ್ದು ಅರವತ್ತೊಂಬತ್ತರಲ್ಲಿ. ಅಷ್ಟು ಹೊತ್ತಿಗೆ ಬೇರೆ ಕಂಪನಿಗಳು ಸಣ್ಣ ಮೈಗೆ ದೊಡ್ಡ ಎಂಜಿನ್ ತುರುಕಿ ಊರಿನ ಹುಡುಗರ ತಲೆ ಕೆಡಿಸಿಯಾಗಿತ್ತು. ನಮ್ಮದು ಮದುವೆಗೆ ತಡವಾಗಿ ಬಂದ ನೆಂಟ, ಹಾಗಾಗಿ ಗದ್ದಲ ಜಾಸ್ತಿ. ನೇರಳೆ, ಕಿತ್ತಳೆ, ಕಣ್ಣು ಕುಕ್ಕುವ ಹಸಿರು. ಸಭೆಯಲ್ಲಿ ನಾನು ಹೇಳುವ ಪದ್ಯ ಇದು:

ಬಣ್ಣ ಬೆಂಕಿ, ಬಲವೂ ಜಾಸ್ತಿ,
ಬ್ರೇಕು ನೆಪಕ್ಕೆ, ಪೆಟ್ರೋಲಿಗೆ ಆಸ್ತಿ.

ಮುದುಕರೆಲ್ಲ ನಗುತ್ತಾರೆ. ಆಮೇಲೆ ವಿಮೆಯವರು ಕತ್ತು ಹಿಡಿದರು, ಅರಬ್ಬರು ಎಣ್ಣೆ ನಿಲ್ಲಿಸಿದರು, ಎಪ್ಪತ್ನಾಲ್ಕರಲ್ಲಿ ಕಾರು ನಿಂತಿತು, ಎಂಬತ್ತೊಂದರಲ್ಲಿ ಫ್ಯಾಕ್ಟರಿಯನ್ನೇ ಕೆಡವಿದರು. ಸತ್ತಿತು ಅಂದುಕೊಂಡೆವು. ಈಗ ಅದೇ ಕಾರು ಎರಡಂಗೈ ಉದ್ದಕ್ಕೆ ಕುಗ್ಗಿ ಆಟದ ಕಾರಾಗಿ ಎದ್ದು ಬಂದಿದೆ. ಎರಕದ ಮೈ, ತೆರೆಯುವ ಬಾಗಿಲು, ತಿರುಗುವ ಸ್ಟೀರಿಂಗ್. ಎಂಜಿನ್ ಮೇಲಿನ ಮುಚ್ಚಳ, ಹುಡ್, ಎತ್ತಿದರೆ ಒಳಗೆ ಒಂದೊಂದು ವೈರೂ ಇದೆ. ನಾವು ಎಂಜಿನ್ನಿನ ಹಿಂದಿನ ತಗಡಿನ ಮೇಲೆ ಮೇಣದ ಬಳಪದಲ್ಲಿ ಗೀಚಿದ್ದನ್ನೂ ಬಿಟ್ಟಿಲ್ಲ.

ನಿನ್ನ ಗಂಡ ಅಂಥದ್ದೊಂದನ್ನು ತಂದದ್ದೇ ತಂದದ್ದು. ನೀನು ಹುಡ್ ಎತ್ತಿದೆ, ತಗಡಿನ ಮೇಲೆ ಹಳದಿ ಮೀನು ಕಂಡೆ.

ಕೆಲಸ ಮುಗಿದದ್ದಕ್ಕೆ ಗುರುತಾಗಿ ನಾವೆಲ್ಲ ಒಂದು ಗೀಟನ್ನೋ ಹೆಸರಿನ ಮೊದಲಕ್ಷರವನ್ನೋ ಹಾಕುತ್ತಿದ್ದೆವು. ಕಾರು ಜೋಡಿಸುವ ಲೈನಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ನಿಮ್ಮಣ್ಣ ವಿಟೆಕ್ ಮಾತ್ರ ಮೀನು ಬರೆಯುತ್ತಿದ್ದ. ಫೋರ್‌ಮನ್ ಗದರಿದರೆ, "ಹಿಡಿಯೋಕಂತೂ ರಜ ಕೊಡಲ್ಲ, ಬರೆಯೋಕಾದ್ರೂ ಬಿಡಿ" ಎನ್ನುತ್ತಿದ್ದ. ಎಪ್ಪತ್ತರ ಮಾರ್ಚಿನಲ್ಲಿ ಒಂದು ದಿನ ಊಟದ ಬಿಡುವಿಗೆ ಹೋದವನು ಹಿಂದಿರುಗಲಿಲ್ಲ. ಬೆಲ್ ಐಲ್ ಸೇತುವೆಯ ಮೇಲೆ ಅವನ ಕೋಟು ಸಿಕ್ಕಿತು. ನದಿ ಬೇರೇನನ್ನೂ ಕೊಡಲಿಲ್ಲ. ಅಮ್ಮ ಆ ಕೋಟಿನ ಕಿತ್ತ ಗುಂಡಿ ಹೊಲಿದು, ಬಂದಾಗ ಹಾಕಿಕೊಳ್ಳಲಿ ಎಂದು ಬಾಗಿಲ ಹಿಂದೆ ತೂಗುಹಾಕಿದರು.

ಇಷ್ಟು ವರ್ಷಗಳ ಮೇಲೆ ನೀನು ಹೇಗೋ ಅಮ್ಮನನ್ನು ಒಪ್ಪಿಸಿ, ಬರುವ ನವೆಂಬರಿನ ಸತ್ತವರ ಹಬ್ಬಕ್ಕೆ ನಿಮ್ಮಪ್ಪನ ಸಮಾಧಿಯ ಕಲ್ಲಿನ ಮೇಲೆ ವಿಟೆಕ್ ಹೆಸರನ್ನೂ ಕೆತ್ತಿಸಲು ಹೊರಟಿದ್ದೆ. ಅಷ್ಟರಲ್ಲಿ ಈ ಆಟದ ಕಾರು. ಅದಕ್ಕೆ ಮಾದರಿಯಾದ ಮೂಲ ಕಾರು ತಯಾರಾದದ್ದು ಜೂನ್ ೧೯೭೦ ಎಂದು ಡಬ್ಬಿಯ ಮೇಲೆ ಅಚ್ಚಾಗಿದೆ, ಅವನು ಹೋಗಿ ಮೂರು ತಿಂಗಳ ಮೇಲೆ. ನೀನು ಕಲ್ಲು ಕೆತ್ತುವವನನ್ನು ತಡೆದೆ, ಅಮ್ಮ ಕೋಟು ಒಗೆಸಿದರು. "ಬ್ರೋನಿಕ್ ಅಣ್ಣ, ಜೂನಲ್ಲಿ ಅವ್ನು ನಿಮ್ಮ ಪಕ್ಕ ನಿಂತಿದ್ನಾ ಇಲ್ವಾ? ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ರೆ ಈಗ ಅದನ್ನ ಮುರೀರಿ" ಎಂದು ಬರೆದಿದ್ದೀಯ.

ಆಗಸ್ಟಿನಲ್ಲಿ ಇಲ್ಲಿ ಹಳೇ ಕಾರುಗಳ ಪ್ರದರ್ಶನವಿತ್ತು. ಹೋಗಬಾರದೆಂದುಕೊಂಡೇ ಹೋದೆ. ಸಾಲಾಗಿ ಹುಡ್ ಎತ್ತಿ ನಿಲ್ಲಿಸಿದ್ದರು. ಒಂದರಲ್ಲಿ ಬಗ್ಗಿ ನೋಡಿದೆ, ಮೀನು. ಪಕ್ಕದ್ದರಲ್ಲಿ ನೋಡಿದೆ, ಮೀನು. ವಿಟೆಕ್ ಕಣ್ಣಲ್ಲೂ ನೋಡಿರದ ಕಾರುಗಳು ಅವು. ಕ್ಯಾಲಿಫೋರ್ನಿಯಾದಲ್ಲಿ ತಯಾರಾದದ್ದೂ ಒಂದಿತ್ತು. ಕೈ ತಂತಾನೇ ಮುಂದೆ ಹೋಯಿತು. ಕಾರಿನೊಡೆಯ ತಡೆದ.

"ಯಜಮಾನ್ರೇ, ಮುಟ್ಟಬೇಡಿ. ಅದನ್ನ ಬರೆಯೋಕೆ ಮೂರು ದಿನ ಹಿಡೀತು."

ಯಾಕೆ ಬರೆದೆ ಎಂದು ಕೇಳಿದೆ. ಇಲ್ಲದಿದ್ದರೆ ಅಸಲಿಯಂತಿಲ್ಲ ಎಂದು ತೀರ್ಪುಗಾರರು ಅಂಕ ಕಳೆಯುತ್ತಾರಂತೆ. ಯಾರ ಗುರುತು ಗೊತ್ತೇ ಎಂದೆ. "ಯಾರೋ ಲೈನಿನೋನು" ಎಂದು ಬಟ್ಟೆಯಿಂದ ಬಂಪರ್ ಒರೆಸತೊಡಗಿದ. ಸಾಲಿನ ತುದಿ ಮುಟ್ಟುವ ತನಕ ಬೆನ್ನ ಹಿಂದೆ ಯಾರೋ ಬೆಂಕಿಪೊಟ್ಟಣ ಕೇಳಿದಂತೆ ಎರಡು ಸಲ ತಿರುಗಿ ನೋಡಿದೆ. ನಿಮ್ಮಣ್ಣ ಜನ್ಮದಲ್ಲಿ ಬೆಂಕಿಪೊಟ್ಟಣ ಕೊಂಡವನಲ್ಲ.

ಇನ್ನು ನಿನ್ನ ಪ್ರಶ್ನೆ. ಅಲ್ಲಿ ಸಾವಿರಾರು ಜನ, ಎರಡು ಪಾಳಿ. ಯಾರು ಯಾವಾಗ ಬಂದರು, ಯಾವಾಗ ಹೋದರು ಎಂದು ಈಗ ಹೇಗೆ ಹೇಳಲಿ? ಇದ್ದಿರಲೂಬಹುದು, ಹಲೀನಾ. ಇಲ್ಲವೆನ್ನಲು ನಾನು ಯಾರು? ಕಲ್ಲಿಗೇನು ಅವಸರ.

ಅಮ್ಮನ ಕೈಗೆ ನನ್ನ ಪರವಾಗಿ ಮುತ್ತು ಕೊಡು. ದೇವಮಾತೆ ನಿಮ್ಮ ಮನೆಯನ್ನು ಕಾಯಲಿ, ನಿಮ್ಮ ಒಲೆ ಆರದಿರಲಿ.

ಇಂತಿ,
ನಿನ್ನ
ಬ್ರೋನಿಕ್

ಮತ್ತೊಂದು ಮಾತು: ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ಇದ್ದಿರಬಹುದು ಎಂದು ಬರೆದದ್ದು ಸುಳ್ಳು. ಜೂನಿನ ಆ ಮೀನು ಬರೆದವನು ನಾನು. ಒಬ್ಬ ಆಚೆ ಹೋದರೆ ಪಕ್ಕದವನು ಇಬ್ಬರ ಕೆಲಸವನ್ನೂ ಮಾಡಿ, ಇಬ್ಬರ ಗುರುತನ್ನೂ ಹಾಕುವುದು ನಮ್ಮ ಲೈನಿನ ರೂಢಿ. ಬಂದರೆ ಅವನ ಜಾಗ ಅವನಿಗಿರಲಿ ಎಂದು ಬರೆಯುತ್ತಾ ಹೋದೆ. ಫೋರ್‌ಮನ್ ಕೇಳುತ್ತಿದ್ದ, "ವಿಟೆಕ್ ಎಲ್ಲಯ್ಯಾ?" ಕಕ್ಕಸಿಗೆ ಹೋಗಿದ್ದಾನೆ ಎನ್ನುತ್ತಿದ್ದೆ. "ಈಸ್ಟರ್ ಹಬ್ಬದಿಂದಾನಾ?" ಎಂದು ಗೊಣಗಿ, ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಜುಲೈನಲ್ಲಿ ಲೈನು ಬದಲಾಯಿಸಿದರು, ಅವನ ಜಾಗಕ್ಕೆ ಹೊಸಬ ಬಂದ. ನನ್ನ ಪಾಲಿಗೆ ವಿಟೆಕ್ ತೀರಿಕೊಂಡದ್ದು ಅವತ್ತು. ಕಲ್ಲು ಕೆತ್ತುವವನಿಗೆ ಹೇಳಿಕಳಿಸು. ನಂಬಿಕೆಯಾಗದಿದ್ದರೆ ಆ ಕಾರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡು. ವಿಟೆಕ್ ತನ್ನ ಮೀನಿಗೆ ಕಣ್ಣಿಡುತ್ತಿದ್ದ. ಇಬ್ಬರ ಕೆಲಸದ ನಡುವೆ ನನಗೆ ಅಷ್ಟು ಪುರುಸೊತ್ತಿರಲಿಲ್ಲ.